ಬಿಡುವಿನ ಕೆಲಸವಲ್ಲ
'ಮನೆಯಿಂದಲೇ ದುಡಿಯುವ ತಾಯಿಗೆ ಮಕ್ಕಳೊಡನೆ ಕಳೆಯಲು ಹೆಚ್ಚು ಸಮಯ ಸಿಗುತ್ತದೆ' ಎಂದು ಲೇಖನವೊಂದರಲ್ಲಿ ಓದಿದ ಮಾತನ್ನು ನಾನು ಒಪ್ಪಲಾರೆ. ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಮ್ಮ ಇಡೀ ದಿನ ಕಣ್ಣೆದುರಿಗೇ ಇದ್ದರು, ನಿಜ. ಆದರೆ ಸಾವಿರದ ಲೆಕ್ಕ ತುಂಬುವವರೆಗೆ ಅವರು ತಡ್ಪೆಯಿಂದ (ಬೀಡಿ ಕಟ್ಟುವ ಮೊರದಿಂದ) ತಲೆ ಎತ್ತುತ್ತಿರಲಿಲ್ಲ, ಶಾಲೆಯಿಂದ ಬಂದ ನಾವೇ ಎದುರು ಕುಳಿತು ಬೀಡಿಯ ತುದಿ ಮಡಚಿಕೊಡುತ್ತಿದ್ದೆವು. (ನಮ್ಮ ಮಾತುಕತೆಯೆಲ್ಲ ಆಗಲೇ ನಡೆಯುತ್ತಿತ್ತೆನ್ನುವುದೂ ಸುಳ್ಳಲ್ಲ.) ಎಲೆ ಕೆಟ್ಟದ್ದೆಂದು, ಕಟ್ಟಿದ್ದನ್ನು ಒಪ್ಪಿಸುವ ಬೀಡಿ ಬ್ರಾಂಚಿನಲ್ಲಿ ಒಂದಷ್ಟು ಬೀಡಿ ತಿರಸ್ಕೃತವಾದರೆ ಆ ನಷ್ಟವೂ ಅವರದೇ. ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಗುರುತಿಸಿತ್ತು. ಹಾಗಿದ್ದೂ ನಮ್ಮ ಮನೆಯವರು, ಬಹುಕಾಲ ನಾನೂ, ಅದನ್ನು 'ಬಿಡುವಿನ ಕೆಲಸ' ಎಂದೇ ಕರೆದೆವು. ನನ್ನ ಕಾಲೇಜಿನ ಶುಲ್ಕ ಸಂದಾಯವಾದದ್ದು ಆ ಹಣದಿಂದಲೇ.