ಅರ್ಜಿ ಹಾಕಿದ ಮೇಲೆ ಸ್ಟೇಟಸ್ ನೋಡುತ್ತಿರಿ

ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೆ ಕೊನೆ ದಿನಾಂಕದೊಳಗೆ ಅರ್ಜಿ ಹಾಕಿ ಅಂತ ನಿಮ್ಮ ಲೇಖನದಲ್ಲಿ ಚೆನ್ನಾಗಿ ಹೇಳಿದ್ದೀರಿ. ಅದರ ಮುಂದಿನದೂ ಬೇಕಿತ್ತು. ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಮಕ್ಕಳು ಒದ್ದಾಡುವುದು ಅರ್ಜಿ ಹಾಕಿದ ಮೇಲೇ.

ಅರ್ಜಿಯಲ್ಲಿರುವ ಹೆಸರು, ದಾಖಲೆ ಎಲ್ಲ ಸರಿ ಇದ್ದರೂ ದುಡ್ಡು ಎಲ್ಲಿಗೆ ಬರುತ್ತದೆ ಅನ್ನುವುದೇ ತುಂಬಾ ಜನಕ್ಕೆ ಗೊತ್ತಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಬರುತ್ತದೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಯಿತು ಅಂತಲ್ಲ. ನಮ್ಮ ಒಬ್ಬ ವಿದ್ಯಾರ್ಥಿನಿ ಸುಮ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಲೇ ಇದ್ದಳು. ಮೊಬೈಲ್‌ನಲ್ಲೇ ತೆರೆದು ಮರೆತಿದ್ದ ಇನ್ನೊಂದು ಖಾತೆಗೆ ಹಣ ಬಂದು ಕೂತಿತ್ತು! ಸರ್ಕಾರದ ಹಣ ಯಾವ ಖಾತೆಗೆ ಬಂತು ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ನೋಡಿದಾಗಲೇ ಗೊತ್ತಾಗಿದ್ದು.

ವಿದ್ಯಾರ್ಥಿವೇತನದ ಬಿಲ್ಲು ಪಾವತಿ ಆಗುವವರೆಗೆ ಫೀಸಿಗೆ ಕೈಸಾಲ ಮಾಡಿರುವ ಮನೆಗಳಿವೆ. ಅರ್ಜಿ ಯಾರ ಹತ್ತಿರ, ಯಾಕೆ ನಿಂತಿದೆ ಅಂತ ಕನ್ನಡದಲ್ಲೇ ಒಂದು ಎಸ್‌ಎಂಎಸ್ ಬಂದರೆ ಆ ಮಕ್ಕಳ ಅಲೆದಾಟ ಎಷ್ಟೋ ತಪ್ಪುತ್ತದೆ, ಅಲ್ವಾ? ಇಲಾಖೆಯವರನ್ನು ಇದನ್ನೇ ಕೇಳಿ ಇನ್ನೊಂದು ಲೇಖನ ದಯವಿಟ್ಟು ಬರೆಯಿರಿ.