ಇಲಿಗೊಂದು ಗಿಫ್ಟ್

ಹುಟ್ಟುಹಬ್ಬ, ನಾಮಕರಣ, ಗೃಹಪ್ರವೇಶ ಏನೇ ಇರಲಿ, ಈಗ ಎಲ್ಲರ ಬಾಯಲ್ಲೂ ಗಿಫ್ಟೇ. 'ಉಡುಗೊರೆ' ಉಳಿದಿರುವುದು ಲಗ್ನಪತ್ರಿಕೆಯ ಕೊನೇ ಸಾಲಿನಲ್ಲಿ, 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸುವುದಕ್ಕೆ ಮಾತ್ರ.

ಈ ಗಿಫ್ಟ್ ಜರ್ಮನಿಗೆ ಹೋದರೆ ವಿಷ. ಅಲ್ಲಿ ಇಲಿ ಪಾಷಾಣಕ್ಕೆ 'ರಾಟನ್‌ಗಿಫ್ಟ್' ಅನ್ನುತ್ತಾರೆ. ನಮ್ಮ ಮಕ್ಕಳ ಪಾರ್ಟಿಯ 'ರಿಟರ್ನ್ ಗಿಫ್ಟ್' ಅವರ ಕಿವಿಗೆ ಹೇಗೆ ಕೇಳಿಸೀತು, ನೀವೇ ಯೋಚಿಸಿ.

ಹಾಗಂತ ಇವು ಸುಮ್ನೆ ಒಂದೇ ಥರ ಕೇಳಿಸುವ ಬೇರೆ ಬೇರೆ ಪದಗಳಲ್ಲ. ಒಂದೇ ತಾಯಿಯ ಮಕ್ಕಳು. ಇಂಗ್ಲಿಷಿನ ಗಿವ್, ಜರ್ಮನ್ನಿನ ಗೇಬನ್, ಎಲ್ಲ 'ಕೊಡು' ಅನ್ನುವ ಒಂದೇ ಬೇರಿನವು. ಹಳೆಯ ಜರ್ಮನ್ನಲ್ಲೂ ಗಿಫ್ಟ್ ಅಂದರೆ ಕೊಡುಗೆಯೇ ಆಗಿತ್ತು. ಕೆಡಿಸಿದ್ದು ವೈದ್ಯರು. ರೋಗಿಗೆ ಕೊಡುವ ಔಷಧಿಗೆ ಗ್ರೀಕರು 'ಡೋಸಿಸ್' ಅನ್ನುತ್ತಿದ್ದರು. ಅಂದರೆ ಕೊಟ್ಟದ್ದು. ಅದು ಲ್ಯಾಟಿನ್ನಿಗೆ ಬಂತು, ಅದನ್ನು ನೋಡಿ ಜರ್ಮನ್ನರೂ ಕೊಟ್ಟದ್ದಕ್ಕೆ ಗಿಫ್ಟ್ ಅಂದರು. ಕೊಟ್ಟದ್ದು ಏನು ಅಂತ ಬಿಡಿಸಿ ಹೇಳದಿದ್ದರೆ ಅನುಮಾನ ಹುಟ್ಟುತ್ತದೆ, ಅಲ್ವಾ?

ಪಾರಾಸೆಲ್ಸಸ್ ಅನ್ನುವ ವೈದ್ಯ 1538ರಲ್ಲಿ ಬರೆದ ಮಾತು ಪ್ರಸಿದ್ಧ: ಎಲ್ಲವೂ ವಿಷವೇ, ವಿಷ ಹೌದೋ ಅಲ್ಲವೋ ಅನ್ನುವುದು ಪ್ರಮಾಣದ ಮೇಲಿದೆ. ಮೂಲದಲ್ಲಿ ವಿಷಕ್ಕೆ ಗಿಫ್ಟ್, ಪ್ರಮಾಣಕ್ಕೆ ಡೋಸಿಸ್. ಬೇರು ಹಿಡಿದು ನೋಡಿದರೆ ಎರಡೂ 'ಕೊಟ್ಟದ್ದು'! ಆ ಡೋಸು ನಮ್ಮಲ್ಲಿಗೆ ಬಂದು ಬೈಗುಳವಾಗಿದೆ. 'ಇವತ್ತು ಬಾಸ್ ಸರಿಯಾಗಿ ಡೋಸ್ ಕೊಟ್ಟರು' ಅಂದರೆ ಯಾರೂ ಔಷಧಿ ಅಂದುಕೊಳ್ಳುವುದಿಲ್ಲ. ನಮ್ಮ 'ಮದ್ದು' ಏನು ಕಡಿಮೆಯೇ? ಕೆಮ್ಮಿಗೆ ಕೊಟ್ಟರೆ ಔಷಧಿ. 'ಮದ್ದು ಹಾಕಿದ್ದಾರೆ' ಅಂತ ಒಮ್ಮೆ ಸುದ್ದಿಯಾದರೆ ಆ ಮನೆಯಲ್ಲಿ ನೀರೂ ಮುಟ್ಟುವ ಹಾಗಿಲ್ಲ.

ಸ್ವೀಡನ್ನಿನಲ್ಲಿ ಇನ್ನೂ ಮಜಾ. ಅವರು 'ಯಿಫ್ಟ್' ಅಂತ ಉಚ್ಚರಿಸುತ್ತಾರೆ. ಅದಕ್ಕೆ ವಿಷ ಅನ್ನುವ ಅರ್ಥವೂ ಇದೆ, ಮದುವೆಯಾದವರು ಅನ್ನುವ ಅರ್ಥವೂ ಇದೆ. ಡೇನಿಶ್, ನಾರ್ವೇಜಿಯನ್ ಭಾಷೆಗಳಲ್ಲೂ ಇದೇ ಕಥೆ. ಗಂಡಂದಿರ ಜೋಕುಗಳಿಗೆ ಇದಕ್ಕಿಂತ ಜಾಸ್ತಿ ಸಾಮಗ್ರಿ ಬೇಕಿಲ್ಲ. ಆದರೆ ಮದುವೆಯ ಅರ್ಥ ಬಂದದ್ದು ವಿಷದಿಂದಲ್ಲ, 'ಕೊಡು'ವಿನಿಂದ. ಇದನ್ನು ತಿಳಿಯಲು ನಮಗೆ ನಿಘಂಟು ಬೇಡ. 'ದೊಡ್ಡವಳನ್ನು ಹಾಸನಕ್ಕೆ ಕೊಟ್ಟಿದ್ದೀವಿ, ಚಿಕ್ಕವಳನ್ನು ತಿಪಟೂರಿಗೆ' ಅನ್ನುವವರು ನಾವು. ಸ್ವೀಡನ್ನಿನಲ್ಲಿ ಈಗ ಗಂಡಸರೂ 'ಯಿಫ್ಟ್' ಆಗುತ್ತಾರೆ. ನಮ್ಮಲ್ಲಿ ಗಂಡುಮಗನನ್ನು ಇನ್ನೂ ಯಾವ ಊರಿಗೂ ಕೊಟ್ಟಂತಿಲ್ಲ.

ಜರ್ಮನ್ನಲ್ಲಿ ಹಳೆಯ ಅರ್ಥ ಒಂದು ಪದದಲ್ಲಿ ಉಳಿದುಕೊಂಡಿದೆ: ಮಿಟ್‌ಗಿಫ್ಟ್. ಮಿಟ್ ಅಂದರೆ ಜೊತೆ. ಮಗಳ ಜೊತೆಗೆ ಕೊಟ್ಟು ಕಳಿಸುವುದು, ಅಂದರೆ ವರದಕ್ಷಿಣೆ. ಇವತ್ತಿನ ಅರ್ಥ ಹಚ್ಚಿದರೆ 'ಜೊತೆಗಿಷ್ಟು ವಿಷ'. ನಮ್ಮಲ್ಲಿ 1961ರಲ್ಲೇ ನಿಷೇಧ ಕಾಯ್ದೆ ಬಂತು. ಆಮೇಲೂ ಕಾರು, ಸೈಟು 'ನಮ್ಮ ಮಗಳಿಗೆ ಗಿಫ್ಟ್' ಅನ್ನುವ ಹೆಸರಿನಲ್ಲಿ ಹೋಗುತ್ತಲೇ ಇವೆ. ಜರ್ಮನ್ ಲೆಕ್ಕದಲ್ಲಿ ಹೆಸರು ಸರಿಯಾಗೇ ಇದೆ.

ಕೊಡುಗೆಯ ಒಳಗೇ ಕಹಿಯನ್ನೂ ಇಟ್ಟ ಪದ ಕನ್ನಡದಲ್ಲೂ ಇದೆ: ಮುಯ್ಯಿ. ಛತ್ರದಲ್ಲಿ ಮೇಜು ಹಾಕಿಕೊಂಡು ಕೂತವರು ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಮೊತ್ತ ಬರೆಯುತ್ತಾರೆ. 'ಸ್ಟೀಲ್ ಕೊಳಗ 1', 'ರೂ. 501'. ನಾಳೆ ಅವರ ಮನೆಯ ಮದುವೆಗೆ ಹೊರಡುವ ಮುಂಚೆ ಆ ಪುಟ ತೆಗೆದು ನೋಡಲೇಬೇಕು. ಮುಯ್ಯಿ ತೀರಿಸುವುದು ಅಂದರೆ ಆ ಬಾಕಿ ಚುಕ್ತಾ ಮಾಡುವುದೂ ಹೌದು, ಸೇಡು ತೀರಿಸಿಕೊಳ್ಳುವುದೂ ಹೌದು. 501 ಕೊಟ್ಟವರಿಗೆ 101 ಇಟ್ಟು ಬಂದರೆ ಎರಡೂ ಒಂದೇ ಕವರಿನಲ್ಲಿ ತೀರುತ್ತವೆ.