ಮುಂದೆ ನೋಡಿ ಪಕ್ಕಕ್ಕೆ ಹೋಗುವ ಕಾರು

ಹಿಮ ಬೀಳುವ ಊರು ನಮ್ಮದು. ಚಳಿಗಾಲ ಹತ್ತಿರ ಬಂದರೆ ನಮ್ಮ ಬೀದಿಯವರಿಗೆ ನನ್ನ ಮೇಲೆ ಎಲ್ಲಿಲ್ಲದ ಕರುಣೆ. ಮೊದಲು ಕಾರನ್ನು ನೋಡುತ್ತಾರೆ, ಆಮೇಲೆ ನನ್ನನ್ನು. "ಈ ವರ್ಷನೂ ಇದರಲ್ಲೇನಾ?" ಹೌದು, ಈ ಸ್ಪೋರ್ಟ್ಸ್ ಕಾರಿನಲ್ಲೇ. ಎರಡು ಸೀಟು, ನೆಲ ಸವರುವ ಮೈ, ಎಂಜಿನ್ ಮುಂದೆ, ಅದರ ಬಲ ಹೋಗುವುದು ಹಿಂದಿನ ಚಕ್ರಕ್ಕೆ ಮಾತ್ರ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತ ಅವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ನಾನೂ ಸುಮ್ನೆ ಬಿಡುವುದಿಲ್ಲ. 1968, 1969, 1970, ಹೀಗೆ ಸತತ ಮೂರು ವರ್ಷ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಪೋರ್ಷೆ 911. ಚಳಿಗಾಲದ ರ‍್ಯಾಲಿ, ಬೆಟ್ಟದ ದಾರಿ, ಹಿಮ, ಮಂಜುಗಡ್ಡೆ. ಅದಕ್ಕೂ ಬಲ ಹಿಂದಿನ ಚಕ್ರಕ್ಕೆ ಮಾತ್ರ ಅಂತ ಹೇಳಿ ಅವರ ಬಾಯಿ ಮುಚ್ಚಿಸುತ್ತೇನೆ. ಆ ಕಾರಿನ ಎಂಜಿನ್ ಹಿಂದೆಯೇ ಇದೆ, ಅದರ ಭಾರವೆಲ್ಲ ಓಡಿಸುವ ಚಕ್ರದ ಮೇಲೆ ಬೀಳುತ್ತದೆ, ನನ್ನ ಕಾರಿನಲ್ಲಿ ಹಾಗಿಲ್ಲ ಅನ್ನುವುದನ್ನು ಮಾತ್ರ ಹೇಳಲು ಹೋಗುವುದಿಲ್ಲ. ಕೇಳಿದರೆ ಹೇಳೋಣ.

ಎಲ್ಲರೂ ಹೆದರಿಸುವುದು ಜಾರುವ ವಿಷಯದಲ್ಲಿ. ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಸುಲಭದ ಭಾಗ ಅಂದರೆ ಜಾರುವುದೇ. ಅದಕ್ಕೆ ಮದ್ದಿದೆ, ಮದ್ದಿನ ಹೆಸರು ಟೈರು. ಬೇಸಿಗೆಯ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಉಳಿಯುತ್ತದೆ. ಅದರ ಮೈತುಂಬ ಸಣ್ಣ ಸಣ್ಣ ಸೀಳುಗಳಿದ್ದು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಒಂದೇ ಬೇಜಾರು ಅಂದರೆ ಹಿಮಕ್ಕೆ ಅಗಲದ ಟೈರಿಗಿಂತ ಕಿರಿದಾದ ಟೈರೇ ವಾಸಿ. ವರ್ಷಪೂರ್ತಿ ನೋಡಿ ಖುಷಿಪಟ್ಟ ಆ ದಪ್ಪ ಹಿಂದಿನ ಚಕ್ರ ಬಿಚ್ಚಿಟ್ಟು ಸಣಕಲು ಚಕ್ರ ಹಾಕಿದಾಗ ಕಾರಿಗಿಂತ ನನಗೇ ಮರ್ಯಾದೆ ಹೋದ ಹಾಗಾಗುತ್ತದೆ.

ಅಷ್ಟಾದರೂ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಆದರೆ ಹಿಂಭಾಗ ಹೊರಗೆ ಸರಿಯುತ್ತದೆ. ಆಗ ಬ್ರೇಕಿನ ತಂಟೆಗೆ ಹೋಗದೆ, ಕಾಲನ್ನು ಮೆಲ್ಲಗೆ ತೆಗೆದು, ಹಿಂಭಾಗ ಯಾವ ಕಡೆ ಜಾರಿತೋ ಅದೇ ಕಡೆ ಸ್ಟೀರಿಂಗ್ ತಿರುಗಿಸಬೇಕು. ಬರೆಯುವುದಕ್ಕೆ ಇಷ್ಟು ಹೊತ್ತಾಯಿತು, ರಸ್ತೆಯಲ್ಲಿ ಇದರ ಕಾಲು ಭಾಗವೂ ಸಿಗುವುದಿಲ್ಲ. ಪುಣ್ಯಕ್ಕೆ ಇಎಸ್‌ಪಿ ಅಂತ, ಜಾರುವ ಕಾರನ್ನು ತಾನೇ ಹತೋಟಿಗೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ ಒಂದಿದೆ, 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಂದದ್ದು. ನಾನು ಯೋಚಿಸುವಷ್ಟರಲ್ಲಿ ಅದು ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಮುಗಿಸಿರುತ್ತದೆ. ಹೆಸರು ಮಾತ್ರ ನನಗೆ.

ಪಕ್ಕದ ಸೀಟಿನಲ್ಲಿ ಕೂತ ಹೆಂಡತಿಯಿಂದ ಆ ಹೆಸರೂ ಇಲ್ಲ. "ರೀ, ನಾವು ಹೋಗ್ತಿರೋ ಕಡೆ ನನ್ನ ಕಿಟಕಿಯಲ್ಲಿ ಕಾಣ್ತಿದೆ" ಅಂದಳು ಒಮ್ಮೆ, ತುಂಬಾ ಶಾಂತವಾಗಿ. ಮಾತು ನಿಜವೇ ಆಗಿತ್ತು.

ನಾಲ್ಕೂ ಚಕ್ರಕ್ಕೆ ಬಲ ಇರುವ ದೊಡ್ಡ ಗಾಡಿಯವರು ಅಂಥ ಹೊತ್ತಲ್ಲೇ ನಮ್ಮನ್ನು ಹಿಂದೆ ಹಾಕಿ ಭರ್ರನೆ ಹೋಗುತ್ತಾರೆ. ಹೊರಡುವುದಕ್ಕೆ ನಾಲ್ಕು ಚಕ್ರದ ಬಲ ಬೇಕು, ಒಪ್ಪಿದೆ. ನಿಲ್ಲುವುದಕ್ಕೆ? ಬ್ರೇಕು ಎಲ್ಲರಿಗೂ ನಾಲ್ಕೇ ಚಕ್ರಕ್ಕೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನಲ್ಲಿ 12–15 ಮೀಟರಿಗೆ ನಿಲ್ಲುವ ಕಾರು, ನುಣ್ಣನೆಯ ಮಂಜುಗಡ್ಡೆಯ ಮೇಲೆ ಸುಮಾರು 100 ಮೀಟರ್ ಹೋಗುತ್ತದೆ. ಅದರಲ್ಲೂ ಸೊನ್ನೆ ಡಿಗ್ರಿ ಆಸುಪಾಸಿನ ನೀರಾಡುವ ಮಂಜುಗಡ್ಡೆ ಇದೆಯಲ್ಲ, ಕೊರೆಯುವ ಚಳಿಯ ಮಂಜುಗಡ್ಡೆಗಿಂತ ಅದೇ ಹೆಚ್ಚು ಜಾರುತ್ತದೆ. ಮುಂದಿನ ತಿರುವಿನಲ್ಲಿ ಆ ದೊಡ್ಡ ಗಾಡಿ ಚರಂಡಿಗೆ ಮೂಗಿಟ್ಟು ನಿಂತಿದ್ದರೆ ನಾನು ನಗುವುದಿಲ್ಲ. ನಿಧಾನ ಮಾಡಿ, ಕಿಟಕಿ ಇಳಿಸಿ, "ಏನಾದರೂ ಸಹಾಯ ಬೇಕಾ?" ಅಂತ ಕೇಳುತ್ತೇನೆ. ಈ ಕಾರಿನಿಂದ ಕೇಳುವುದರ ಸುಖವೇ ಬೇರೆ.

ಆದರೆ ಏರಿನಲ್ಲಿ ಕೆಂಪು ದೀಪ ಬಿತ್ತೋ, ನಮ್ಮ ಸುಖ ಮುಗಿಯಿತು. ಹಸಿರು ಬರುತ್ತದೆ, ಕಾರು ಬರುವುದಿಲ್ಲ. ಚಕ್ರ ಹಿಡಿತ ತಪ್ಪಿ ನಿಂತಲ್ಲೇ ತಿರುಗಿದ ತಕ್ಷಣ, ಅದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನಿನ ಬಲ ಕಡಿಮೆ ಮಾಡುತ್ತದೆ. ಬಲ ಕಡಿಮೆಯಾದರೆ ಕಾರು ಕದಲುವುದಿಲ್ಲ. ಅದನ್ನು ಆಫ್ ಮಾಡಿ, ಎರಡನೇ ಗೇರಿಗೆ ಹಾಕಿ, ಕ್ಲಚ್ಚನ್ನು ಮುದ್ದಿಸುತ್ತಾ ಬಿಡಬೇಕು. ಅಷ್ಟರಲ್ಲಿ ಮತ್ತೆ ಕೆಂಪು. ಹಿಂದಿನವರ ಹಾರ್ನಿಗೆ ಭಾಷೆ ಬರುವುದಿಲ್ಲ, ಪುಣ್ಯ. ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟರೆ ಹಿಂದಿನ ಚಕ್ರಕ್ಕೆ ಭಾರ ಬೀಳುತ್ತದೆ ಅಂತ ಇಟ್ಟೂ ಆಯಿತು. ಮರಳಿನಲ್ಲಿ ಪಸೆ ಇತ್ತು ಅಂತ ಕಾಣುತ್ತದೆ. ಚಳಿಗೆ ಮೂಟೆ ಬಂಡೆಯಾಗಿ, ಒಂದೊಂದು ತಿರುವಿಗೂ ಡಿಕ್ಕಿಯ ಗೋಡೆಗೆ ಗುದ್ದುತ್ತಿತ್ತು.

ಹಿಮ ಬಾಚುವ ಲಾರಿ ಇನ್ನೊಂದು ಕಥೆ. ರಸ್ತೆಯನ್ನೇನೋ ಚೆನ್ನಾಗಿ ಬಾಚುತ್ತದೆ, ಬಾಚಿದ್ದನ್ನು ನಮ್ಮ ಗೇಟಿನ ಮುಂದೆ ಒಡ್ಡು ಕಟ್ಟಿ ಹೋಗುತ್ತದೆ. ಬೇರೆಯವರ ಗಾಡಿ ಅದನ್ನು ಹತ್ತಿ ಇಳಿಯುತ್ತದೆ. ನಮ್ಮದು ಹತ್ತುತ್ತದೆ, ಅಷ್ಟೆ. ಹೊಟ್ಟೆ ಹಿಮದ ಮೇಲೆ ಕೂತು, ಕಲ್ಲಿನ ಮೇಲೆ ಇಟ್ಟ ಆಮೆಯ ಹಾಗೆ ಚಕ್ರ ಆಡಿಸುತ್ತದೆ. ಕರುಣೆಯ ಜನರೆಲ್ಲ ಆಗ ಹೊರಗೆ ಬರುತ್ತಾರೆ. ಬಂದವರ ಮೊದಲ ಪ್ರಶ್ನೆ, "ಎಲ್ಲಿ ಹಿಡಿದು ತಳ್ಳೋದು ಇದನ್ನ?" ನ್ಯಾಯವಾದ ಪ್ರಶ್ನೆ. ಮುಟ್ಟಿದಲ್ಲೆಲ್ಲ ತೆಳ್ಳಗಿನ ಪ್ಲಾಸ್ಟಿಕ್ಕು. ಸ್ಪಾಯ್ಲರ್ ಅನ್ನುವ ಆ ರೆಕ್ಕೆ ಹಿಡಿಯಬೇಡಿ ಅಂತ ನಾನು ಕೂಗುವುದು, ಅವರು ಅದನ್ನೇ ಹಿಡಿಯುವುದು.

ಬೂಟಿನ ಕಾಟವನ್ನು ಯಾರೂ ಹೇಳಿರಲಿಲ್ಲ. ಇಂಥ ಕಾರಿನಲ್ಲಿ ಪೆಡಲುಗಳು ಹತ್ತಿರ ಹತ್ತಿರ ಇರುತ್ತವೆ. ಹಿಮದ ಬೂಟು ಹಾಕಿ ಬ್ರೇಕ್ ಒತ್ತಿದರೆ ಆಕ್ಸಿಲರೇಟರೂ ಜೊತೆಗೇ ಹೋಗುತ್ತದೆ. ಹಾಗಾಗಿ ಕಾರಿನೊಳಗೆ ಬೂಟು ಬಿಚ್ಚಿ ತೆಳು ಶೂ ಹಾಕಿಕೊಳ್ಳುತ್ತೇನೆ. ಬಿಚ್ಚಿದ ಬೂಟಿನ ಹಿಮ ಕರಗಿ ಹೆಂಡತಿಯ ಕಾಲ ಬುಡಕ್ಕೆ ಹರಿಯುತ್ತದೆ. ಆ ವಿಷಯದಲ್ಲಿ ಅವಳು ಶಾಂತವಾಗಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಉಪ್ಪು. ರಸ್ತೆಗೆ ಸುರಿದ ಉಪ್ಪು ಹಿಮವನ್ನು ಕರಗಿಸುತ್ತದೆ. ಆ ಉಪ್ಪುನೀರು ಗಾಢವಾಗಿದ್ದರೆ ಮೈನಸ್ 21 ಡಿಗ್ರಿಯವರೆಗೂ ಹೆಪ್ಪುಗಟ್ಟದೆ ಕಾರಿನ ತಳಕ್ಕೆ ಮೆತ್ತಿಕೊಂಡೇ ಇರುತ್ತದೆ. ತುಕ್ಕಿಗೆ ಇನ್ನೇನು ಬೇಕು? ತೊಳೆಯಬೇಕು. ತೊಳೆದರೆ ಬಾಗಿಲು ಹೋಗುತ್ತದೆ. ನಮ್ಮ ಕಾರಿನ ಕಿಟಕಿಗೆ ಚೌಕಟ್ಟಿಲ್ಲ. ಹಿಡಿ ಎಳೆದಾಗ ಗಾಜು ಒಂಚೂರು ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಂಡ ಮೇಲೆ ಬಾಗಿಲು ತೆರೆಯಬೇಕು. ತೊಳೆದ ನೀರು ರಾತ್ರಿ ಅಲ್ಲೇ ಹೆಪ್ಪುಗಟ್ಟಿದರೆ ಗಾಜು ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. ಜೋರಾಗಿ ಎಳೆಯುವ ಹಾಗಿಲ್ಲ, ಬಿಸಿನೀರು ಸುರಿಯುವ ಹಾಗೂ ಇಲ್ಲ, ಎರಡಕ್ಕೂ ಗಾಜು ಬಲಿ.

ಮೊನ್ನೆ ತೆರೆದದ್ದು ಅವಳ ಕಡೆಯ ಬಾಗಿಲು ಮಾತ್ರ. ದಪ್ಪ ಜಾಕೆಟ್ಟಿನಲ್ಲಿ ಗೇರ್ ಲಿವರ್ ದಾಟಿ ನಾನು ಮೊದಲು ಒಳಗೆ ತೂರಿಕೊಂಡೆ, ಅವಳು ಆಮೇಲೆ ಆರಾಮಾಗಿ ಕೂತಳು. ಹೀಟರ್ ಬಿಸಿಯಾಗುವಷ್ಟರಲ್ಲಿ ತಲುಪಿಬಿಡುವ ದೂರ. ನನ್ನ ಕಡೆಯ ಗಾಜು ಇನ್ನೂ ಬಿಟ್ಟಿರಲಿಲ್ಲ. ನಾನು ಇಳಿಯಬೇಕಾದರೆ ಅವಳು ಇಳಿಯಬೇಕು. "ಇಳಿಯೇ, ಹೊತ್ತಾಯ್ತು" ಅಂದೆ. ಅಷ್ಟರಲ್ಲಿ ಅವಳಿಗೆ ಅವಳ ಅಕ್ಕನ ಫೋನ್ ಬಂತು.